ನಾಲ್ಕು ವೈರು, ಮೂರೆಳೆ ವಿಭೂತಿ

ನಮ್ಮ ಬಾಡಿಗೆ ಮನೆಯಲ್ಲಿ ಕಾರಿಗೆ ಅದರದೇ ಒಂದು ಜಾಗವಿತ್ತು, ಆಯಿಗೆ ಇರಲಿಲ್ಲ. ಅಪ್ಪನಿಗೆ ಬ್ಯಾಂಕಿನಿಂದ ವರ್ಗವಾಗಿ ನಾವು ಬಂದಿದ್ದ ಊರನ್ನು ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಆಗ ನಮ್ಮ ಬಾಯಲ್ಲಿ ಅದು ಔರಂಗಾಬಾದ್. ಎರಡು ಕೋಣೆ, ಒಂದು ಅಡುಗೆಮನೆ, ಪಕ್ಕದಲ್ಲಿ ಗೇಟಿನವರೆಗೆ ಉದ್ದಕ್ಕೆ ಹೋಗುವ ಇಕ್ಕಟ್ಟಾದ ಅಂಗಳ. ಅಪ್ಪ ಯಾರೋ ಸಹೋದ್ಯೋಗಿಯಿಂದ ಹಳೆಯ ಬಿಳಿ ಕಾರು ತಂದ ದಿನ ಅವ್ವನ ಹೀರೆಬಳ್ಳಿ ಕಿತ್ತುಹೋಯಿತು, ಬಟ್ಟೆ ಒಣಹಾಕುವ ತಂತಿ ಮಾಳಿಗೆಗೆ ಹೋಯಿತು. ಆಯಿ ಎಂದರೆ ಅಪ್ಪನ ತಾಯಿ, ಭಾಲ್ಕಿಯ ಕಡೆಯ ಹಳ್ಳಿಯಿಂದ ನಮ್ಮ ಜೊತೆ ಬಂದವಳು. ಅವಳು ಅಪ್ಪನಿಗೂ ಆಯಿ, ನನಗೂ ಆಯಿ, ಗಲ್ಲಿಯ ಮರಾಠಿ ಮಂದಿಗೂ ಆಯಿ. ಅವಳ ಹಾಸಿಗೆಯನ್ನು ದಿನಾ ರಾತ್ರಿ ಅಡುಗೆಮನೆಯಲ್ಲಿ ದೇವರ ಜಗಲಿಯ ಕೆಳಗೆ ಬಿಚ್ಚಿ ಬೆಳಿಗ್ಗೆ ಸುತ್ತಿಡಬೇಕಾಗಿತ್ತು. ಹಳೆಯ ಸೀರೆಗಳನ್ನು ಸೇರಿಸಿ ಅವಳೇ ಹೊಲಿದ ದಪ್ಪ ಕೌದಿಯೊಂದೇ ಆ ಮನೆಯಲ್ಲಿ ಪೂರ್ತಿ ಅವಳದಾಗಿದ್ದ ವಸ್ತು. ಅಪ್ಪ ಭಾನುವಾರ ಕಾರು ತೊಳೆಯುವಾಗ ಹೊಸ್ತಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತ ಅವಳು ಅನ್ನುತ್ತಿದ್ದಳು:

"ಈ ಬಿಳಿ ಎಮ್ಮಿಗಿ ವಾರಾ ವಾರಾ ಜಳಕಾ. ನನ್ನ ತಲಿಗಿ ಒಂದ್ ಹನಿ ಎಣ್ಣಿ ಹಚ್ಚಾಕ ಈ ಮನ್ಯಾಗ ಯಾರಿಗೂ ಪುರಸೊತ್ತಿಲ್ಲ."

"ಎಮ್ಮಿ ನಿನ್ನ ಮಗಳ ಮನಿಗಿ ಕರಕೊಂಡು ಹೋಗತದ ಆಯಿ. ಎಣ್ಣಿ ಹಚ್ಚಿದ್ರ ತಲಿ ಹೋಗತದೇನು?" ಅನ್ನುತ್ತಿದ್ದ ಅಪ್ಪ.

ಆ ಮನೆಯನ್ನು ನೆನೆದಾಗ ಬೇರೆ ಎಲ್ಲದಕ್ಕಿಂತ ಮೊದಲು ನನಗೆ ಕಾಣುವುದು ಅವ್ವನ ಬಲಗೈ. ಆ ಕೈಯಲ್ಲಿ ಶರಬತ್ತಿನ ಬಾಟಲಿ, ಬಾಟಲಿಯಲ್ಲಿ ಪೆಟ್ರೋಲು. ಎಷ್ಟು ವರ್ಷವಾದರೂ ಅಲ್ಲಿಂದಲೇ ನನ್ನ ನೆನಪು ಶುರುವಾಗುತ್ತದೆ, ಅಲ್ಲಿಂದ ಹಿಂದಕ್ಕೆ ಹೋಗುತ್ತದೆ. ಎಲ್ಲಿ ನಾನು ಬಾಯಿ ಬಿಟ್ಟಿದ್ದರೆ ಆ ಕೈಗೆ ಏನೂ ಆಗುತ್ತಿರಲಿಲ್ಲ ಎಂದು ಹುಡುಕುತ್ತ ಹೋಗುತ್ತದೆ. ಅಂಥ ಜಾಗ ಒಂದಲ್ಲ, ಮೂರು ಸಿಗುತ್ತವೆ.

ಸೋದರತ್ತೆಯನ್ನು ನಾಶಿಕಕ್ಕೆ ಕೊಟ್ಟಿತ್ತು. ಆಯಿಗೆ ಬಸ್ಸು ಹತ್ತಿದರೆ ವಾಂತಿ. ಎರಡು ವರ್ಷದಿಂದ ಮಗಳ ಮುಖ ನೋಡಿರಲಿಲ್ಲ. ದಸರೆಯ ದಿನ ಕಾರಿನಲ್ಲಿ ಹೋಗಿ ಮಗಳ ಕೈಗೆ ಬನ್ನಿ ಕೊಟ್ಟು ಬರೋಣ ಎಂದು ಅಪ್ಪ ಮಾತು ಕೊಟ್ಟಿದ್ದ. ಆದರೆ ಕಾರು ಮಾತು ಕೊಟ್ಟಿರಲಿಲ್ಲ. ಹದಿನೈದು ದಿನ ಮೊದಲು ದೌಲತಾಬಾದಿನ ಕೋಟೆ ದಾಟಿ ಘಾಟಿನ ಏರು ಹತ್ತುವಾಗ ಅದು ಕೆಮ್ಮಲು ಶುರುಮಾಡಿ, ಹಿಂದೆ ಬರುತ್ತಿದ್ದ ಟೂರಿಸ್ಟ್ ಬಸ್ಸಿಗೆ ಅಡ್ಡವಾಗಿ ನಿಂತುಬಿಟ್ಟಿತು. ಬಸ್ಸಿನಿಂದ ಇಳಿದ ಹುಡುಗರು ನಗುತ್ತ ಅದನ್ನು ಬದಿಗೆ ತಳ್ಳಿದರು. ಅವತ್ತಿನಿಂದ ಅಪ್ಪನ ಬಾಯಲ್ಲಿ ಒಂದೇ ಮಾತು: ಗಾಡಿ ಮಿಸ್ಸಿಂಗ್ ಹೊಡೀತದ. ಪ್ಲಗ್ಗುಗಳಿಗೆ ಕಿಡಿ ಒಯ್ಯುವ ವೈರುಗಳು ಸೀಳಿ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿದೆ ಎಂದು ಅವನೇ ಕಂಡುಹಿಡಿದ. ಮೆಕ್ಯಾನಿಕ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಅಪ್ಪ ಬಜಾರಿನಿಂದ ಹೊಸ ವೈರಿನ ಸುರುಳಿ ತಂದು ಅಷ್ಟಮಿಯ ದಿನ ಮಧ್ಯಾಹ್ನ ಬಾನೆಟ್ಟು ಎತ್ತಿದ.

ನಾನು ಆಗ ಐದನೇ ಇಯತ್ತೆ, ನಮ್ಮ ಕಡೆಯ ಐದನೇ ತರಗತಿ. ಕಿಡಿಯನ್ನು ನಾಲ್ಕು ದಾರಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಗೆ ಕರಿಯ ಟೋಪಿಯಂಥ ಮುಚ್ಚಳ ಇರುತ್ತದೆ. ಆ ಟೋಪಿಯ ಸುತ್ತಲಿನ ನಾಲ್ಕು ತೂತಿನಿಂದ ನಾಲ್ಕು ವೈರು ಹೊರಟು ಎಂಜಿನ್ನಿನ ನಾಲ್ಕು ಪ್ಲಗ್ಗಿಗೆ ಹೋಗುತ್ತವೆ. ಯಾವ ವೈರು ಯಾವ ಪ್ಲಗ್ಗಿಗೆ ಎಂಬುದು ತಪ್ಪಬಾರದು. ಒಂದೊಂದೇ ಹಳೆಯದು ಬಿಚ್ಚಿ, ಅದರ ಜಾಗಕ್ಕೆ ಒಂದೊಂದೇ ಹೊಸದು ಹಾಕಿದ್ದರೆ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಅಪ್ಪ ಟೋಪಿಯನ್ನೂ ಒರೆಸಿ ಶುದ್ಧ ಮಾಡಬೇಕೆಂದು ನಾಲ್ಕನ್ನೂ ಕಿತ್ತು ತೆಗೆದ. ಹೊಸ ವೈರು ನಾಲ್ಕೂ ಒಂದೇ ಅಳತೆಗೆ ಕತ್ತರಿಸಿದ. ಅವನ್ನು ಟೋಪಿಗೆ ಸಿಗಿಸಿ ಮೇಲೆತ್ತಿದಾಗ ನಾಲ್ಕು ಕಾಲಿನ ಕರಿ ಜೇಡದ ಹಾಗಿತ್ತು.

ಅಷ್ಟರಲ್ಲಿ ಸಂಜೆಯಾಯಿತು, ಕರೆಂಟು ಹೋಯಿತು. ಮಾರನೆಯ ದಿನ ಖಂಡೇ ನವಮಿ. ಅವತ್ತು ನಟ್ಟು ತಿರುಗಿಸುವ ಪಾನಾ, ವೈರು ಹಿಡಿಯುವ ಪಕ್ಕಡ್, ಕೊಡಲಿ, ಚಾಕು ಎಲ್ಲ ದೇವರ ಮುಂದೆ ಕೂರಬೇಕು, ಯಾವುದನ್ನೂ ಕೆಲಸಕ್ಕೆ ಮುಟ್ಟಬಾರದು. ಅದರಲ್ಲಿ ಆಯಿ ಒಂದಿಂಚೂ ಬಿಡುವವಳಲ್ಲ. ಮಧ್ಯಾಹ್ನವೇ ಹೇಳಿದ್ದಳು:

"ಗಾಡಿಯಂತೂ ಅಡಗಿಮನ್ಯಾಗ ಬರಂಗಿಲ್ಲ. ಅದರದೊಂದ್ ಏನರೆ ತಂದಿಡು ಪೂಜಿಗಿ."

ಹಾಗಾಗಿ ಕೆಲಸ ಅರ್ಧಕ್ಕೆ ನಿಂತಿತು, ಟೋಪಿ ಮತ್ತು ವೈರು ಒಳಗೆ ಬಂದವು. ದಸರೆ ಬೆಳಿಗ್ಗೆ ಕೂಡಿಸಿದರಾಯಿತು ಎಂದು ಅಪ್ಪ. ಮರೆಯದ ಹಾಗೆ ಗುರುತು ಹಾಕಬೇಕಿತ್ತು. ನನ್ನ ಕಂಪಾಸ್ ಪೆಟ್ಟಿಗೆಯ ಸೀಮೆಸುಣ್ಣ ಕರಿಯ ರಬ್ಬರಿನ ಮೇಲೆ ನಿಲ್ಲಲಿಲ್ಲ. ಅಪ್ಪ ಸುತ್ತ ನೋಡಿದ. ಆಯಿ ಪಕ್ಕದ ಪಾಟೀಲರ ಮನೆಗೆ ದೇವಿಯ ಆರತಿಗೆ ಹೋಗಿದ್ದಳು. ಜಗಲಿಯ ಮೇಲಿನ ವಿಭೂತಿ ಗಟ್ಟಿ ತೆಗೆದು, ನೀರು ಹಚ್ಚಿ ಉಜ್ಜಿ, ಕಡ್ಡಿಪೆಟ್ಟಿಗೆಯ ಕಡ್ಡಿ ಅದ್ದಿ, ವೈರುಗಳ ತುದಿಗೆ ಬಿಳಿ ಗೆರೆ ಎಳೆದ. ಒಂದನೇ ಪ್ಲಗ್ಗಿನದಕ್ಕೆ ಒಂದು ಗೆರೆ, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಮೇಣದಬತ್ತಿ ಹಿಡಿದು ನಿಂತಿದ್ದವಳು ನಾನು.

"ಆಯಿ ಮುಂದ ಹೇಳಬ್ಯಾಡ ನಂದಾ. ದೇವರ ವಿಭೂತಿ ಗಾಡಿ ಕೆಲಸಕ್ಕ ತಗೊಂಡಾನ ಅಂತ ಹಬ್ಬದಾಗ ಮನಿ ತುಂಬ ಒದರತಾಳ."

"ಹೇಳಂಗಿಲ್ಲ," ಎಂದೆ. ಅಪ್ಪನ ಜೊತೆ ನನಗೊಂದು ಗುಟ್ಟು ಇದ್ದದ್ದು ಅದೇ ಮೊದಲು.

ನವಮಿಯ ಬೆಳಿಗ್ಗೆ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣದ ವಾಸನೆ. ಮಣೆಯ ಮೇಲೆ ಪಾನಾಗಳು, ಪಕ್ಕಡ್, ಅವ್ವನ ಈಳಿಗೆ, ಅಪ್ಪನ ಪೆನ್ನು, ನನ್ನ ಕೈವಾರ, ನಡುವೆ ಆ ಕರಿ ಜೇಡ. ಆಯಿ ಒದ್ದೆ ಬೆರಳಿನಿಂದ ಒಂದೊಂದಕ್ಕೂ ವಿಭೂತಿ ಹಚ್ಚುತ್ತ ಬಂದಳು. ನಾನು ನೀರಿನ ಬಟ್ಟಲು ಹಿಡಿದಿದ್ದೆ. ವೈರುಗಳ ಹತ್ತಿರ ಬಂದವಳು ಕೈ ತಡೆದು, ಕಣ್ಣು ಕಿರಿದು ಮಾಡಿ ನೋಡಿದಳು.

"ಅಯ್ಯ, ಇದೇನ ಮಗಾ? ಒಂದಕ್ಕ ಒಂದೆಳಿ, ಇನ್ನೊಂದಕ್ಕ ನಾಕೆಳಿ! ನಿಮ್ಮಪ್ಪ ಹಚ್ಯಾನೇನು?"

ನಾನು ಹೂಂ ಎಂದೆ. ಅಷ್ಟು ಹೇಳಬಹುದು ಅನ್ನಿಸಿತ್ತು.

ಆಯಿಯ ಮುಖ ಅರಳಿತು. ಅಪ್ಪ ಹಣೆಗೆ ವಿಭೂತಿ ಹಚ್ಚುವುದನ್ನು ಬಿಟ್ಟು ವರ್ಷಗಳಾಗಿದ್ದವು. ಆ ಮಾತಿಗೆ ತಾಯಿ ಮಗನ ನಡುವೆ ವಾರಕ್ಕೊಂದು ಜಗಳ ಆಗುತ್ತಿತ್ತು.

"ಹಚ್ಚಾಕ ಬರಂಗಿಲ್ಲ, ಆದ್ರೂ ಹಚ್ಯಾನ ನೋಡು. ಬ್ಯಾಂಕಿನ್ಯಾಗ ಸಾಹೇಬ ಆದ್ರೇನು, ಒಳಗ ಅದ ಅವಂಗ. ಒಂದೆಳಿ ವಿಭೂತಿ ಯಾರರೆ ಹಚ್ಚತಾರೇನ್, ಹುಚ್ಚ!"

ಅವಳು ಹೆಬ್ಬೆರಳಿನಿಂದ ಎಲ್ಲವನ್ನೂ ಅಳಿಸಿದಳು. ನಾಲ್ಕು ವೈರಿಗೂ ಸಮನಾಗಿ, ಒಪ್ಪವಾಗಿ, ಮೂರೆಳೆ ಎಳೆದಳು. ಹೇಳಬೇಕಾಗಿದ್ದ ಮೊದಲನೆಯ ಜಾಗ ಅದು. ಹೇಳಿದರೆ ಅಪ್ಪನ ಗುಟ್ಟು ಒಡೆಯುತ್ತಿತ್ತು, ಆಯಿಯ ಮುಖ ಮತ್ತೆ ಬಾಡುತ್ತಿತ್ತು. ನಾನು ಸುಮ್ಮನಿದ್ದೆ. ಸುಮ್ಮನಿದ್ದು, ಎಲ್ಲರಿಗೂ ಒಳ್ಳೆಯದಾಗುವ ಉಪಾಯ ಮಾಡಿದೆ ಎಂದುಕೊಂಡೆ.

ಹೋಳಿಗೆ ಉಂಡು ಮನೆಯವರೆಲ್ಲ ಮಲಗಿದಾಗ ಮಣೆಯ ಮುಂದೆ ಕೂತೆ. ಫ್ರಾಕಿನ ಅಂಚಿನಿಂದ ಮೂರೆಳೆಗಳನ್ನು ಒರೆಸಿದೆ. ಒಂದನೆಯ ವೈರು ನನಗೆ ಗುರುತಿತ್ತು. ಅದರ ತುದಿಯಲ್ಲಿ ಪಕ್ಕಡ್ ಕಚ್ಚಿದ ಗಾಯವಿತ್ತು. ಅದಕ್ಕೆ ಒಂದು ಗೆರೆ ಎಳೆದೆ. ಉಳಿದ ಮೂರರದು ನೆನಪಾಗಲಿಲ್ಲ. ಆದರೆ ಟೋಪಿ ದುಂಡಗಿತ್ತು, ತೂತುಗಳು ಗಡಿಯಾರದ ಹಾಗೆ ಸುತ್ತಲೂ ಇದ್ದವು. ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು, ಆಮೇಲೆ ನಾಲ್ಕು. ಇನ್ನು ಹೇಗೆ ಇರಲು ಸಾಧ್ಯ? ಗಣಿತದಲ್ಲಿ ನಾನೇ ಕ್ಲಾಸಿಗೆ ಮೊದಲು. ಅಪ್ಪನಿಗಿಂತ ನೇರವಾಗಿ ಗೆರೆ ಎಳೆದೆ, ಆಯಿಗೆ ಕಾಣದಂತೆ ಮೇಲೆ ಚೆಂಡುಹೂವು ಮುಚ್ಚಿದೆ.

ಎಂಜಿನ್ನು ಹಾಗೆ ಸಾಲಾಗಿ ಉರಿಯುವುದಿಲ್ಲ ಎಂದು ನಾನು ಕಲಿತದ್ದು ಕಾಲೇಜಿನಲ್ಲಿ. ಮೊದಲು ಒಂದನೆಯದು, ಆಮೇಲೆ ಮೂರು, ನಾಲ್ಕು, ಕೊನೆಗೆ ಎರಡು. ಪುಸ್ತಕದ ಆ ಪುಟ ಓದುವಾಗ ತರಗತಿಯಿಂದ ಎದ್ದು ಹೋಗಿದ್ದೆ. ನಾನು ಬರೆದ ಕ್ರಮದಲ್ಲಿ ಎರಡನೆಯ ಪ್ಲಗ್ಗಿಗೆ ಕಿಡಿ ಬರುವುದು ಪೆಟ್ರೋಲು ಒಳಬರುವ ಬಾಗಿಲು ತೆರೆಯುತ್ತಿರುವಾಗ. ಒಳಗೆ ಹೊತ್ತಿದ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಗೆ ಹಾರುತ್ತದೆ. ಆ ದಾರಿಯ ಬಾಯಿ ಕಾರ್ಬೊರೇಟರು. ಅದರ ಮೇಲೆಯೇ ಅವ್ವ ಬಾಗಿ ನಿಂತಿದ್ದದ್ದು.

ದಸರೆಯ ಬೆಳಿಗ್ಗೆ ಎಲ್ಲರೂ ತಯಾರಾಗಿದ್ದರು. ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಕಟ್ಟಿದ್ದ ಡಬ್ಬಿ ಕಾರಿನಲ್ಲಿ. ಮಗಳಿಗೆ ಕೊಡುವ ಇಳಕಲ್ ಸೀರೆ ಆಯಿಯ ತೊಡೆಯ ಮೇಲೆ. ಕಾರು ಹೊರಡುವ ಮೊದಲೇ ಅವಳು ಹಿಂದಿನ ಸೀಟಿನಲ್ಲಿ ತನ್ನ ಕೌದಿ ಹಾಸಿಕೊಂಡು, ಬಾಗಿಲು ತೆರೆದಿಟ್ಟು, ಕೂತುಬಿಟ್ಟಿದ್ದಳು. ಅಪ್ಪ ಟೋಪಿ ಕೂಡಿಸಿ ವೈರುಗಳನ್ನು ಗುರುತಿನ ಪ್ರಕಾರ ಒಂದೊಂದಾಗಿ ಪ್ಲಗ್ಗಿಗೆ ಒತ್ತಿದ. ಒತ್ತಿ ಮುಗಿದ ಮೇಲೆ ಒಂದು ಕ್ಷಣ ಅವುಗಳನ್ನೇ ನೋಡುತ್ತ ಕಡ್ಡಿಯಿಂದ ಕಿವಿ ಕೆರೆದುಕೊಂಡದ್ದು ನನಗೆ ನೆನಪಿದೆ.

"ಇನ್ನಾ ಯಾವಾಗ ಹೊಂಡೂದೋ? ಬಿಸಿಲೇರಿದ ಮ್ಯಾಲ ನನಗ ತಲಿ ತಿರಗತದ," ಎಂದು ಆಯಿ ಒಳಗಿಂದ ಕೂಗಿದಳು.

ಅಪ್ಪ ಕಡ್ಡಿ ಬಿಸಾಡಿ ಸ್ಟೀರಿಂಗಿನ ಮುಂದೆ ಹೋಗಿ ಕೂತ. ಹದಿನೈದು ದಿನ ನಿಂತ ಗಾಡಿ. ಪೆಟ್ರೋಲು ಮೇಲೆ ಬರುತ್ತಿರಲಿಲ್ಲ. ಕಾರ್ಬೊರೇಟರಿನ ಮೇಲಿನ ಮುಚ್ಚಳ ತೆಗೆದಿಟ್ಟು, ಅವ್ವನ ಕೈಗೆ ಬಾಟಲಿ ಕೊಟ್ಟಿದ್ದ.

"ನಾ ಸೆಲ್ಫ್ ಹೊಡೀತೀನಿ. ಹಾಕು ಅಂದಾಗ ಎರಡು ಹನಿ ಹಾಕು, ಅಷ್ಟೇ."

"ನನಗ ಅಂಜಿಕಿ ಆಗ್ತದರಿ. ಪಾಟೀಲ ಕಾಕಾಗ ಕರೀಲೇನು?"

"ಹಬ್ಬದ ದಿನ ಅವರನ್ಯಾಕ. ಎರಡ್ ಹನಿ ಎಣ್ಣಿ ಒಗ್ಗರಣಿಗಿ ಹಾಕ್ದಂಗ. ಹಾಕು!"

ಮೊದಲ ಸಲ ಎಂಜಿನ್ನು ಗೊರಗೊರ ತಿರುಗಿ ನಿಂತಿತು. ಎರಡನೆಯ ಸಲ ಕಾರ್ಬೊರೇಟರಿನ ಬಾಯಿಂದ 'ಫಟ್' ಎಂದು ಸದ್ದು ಬಂತು, ಜೊತೆಗೆ ಸಣ್ಣ ಹೊಗೆ. ಅವ್ವ ಹಿಂದೆ ಸರಿದಳು. ನಾನು ಕಟ್ಟೆಯ ಮೇಲೆ ದಾರಿಗೆಂದು ತುಂಬಿದ ನೀರಿನ ಬಿಂದಿಗೆ ಹಿಡಿದು ನಿಂತಿದ್ದೆ. ಆ ಸದ್ದು ಕೇಳಿದ ಕೂಡಲೇ ಇದು ನನ್ನ ಗೆರೆಗಳದೇ ಸದ್ದು ಎಂದು ಯಾರೂ ಹೇಳದೆ ನನಗೆ ಗೊತ್ತಾಯಿತು. 'ಅಪ್ಪಾ' ಎಂದೆ. ಜೋರಾಗಿ ಅಲ್ಲ. ಅವನು ಕೇಳಿಸಿಕೊಂಡಿದ್ದರೆ ಮುಂದಿನ ಮಾತು ಆಡಬೇಕಾಗುತ್ತಿತ್ತು. ಅವನು ಕೇಳಿಸಿಕೊಳ್ಳಬಾರದು ಎಂಬಷ್ಟೇ ಮೆಲ್ಲಗೆ ಅಂದೆ. ಅದು ಎರಡನೆಯ ಜಾಗ.

"ಹತ್ತಿತು, ಹತ್ತಿತು! ಇನ್ನೊಂದ್ ಸಲ. ಸ್ವಲ್ಪ ಜಾಸ್ತಿ ಹಾಕು!"

ಅವ್ವ ಮತ್ತೆ ಬಾಗಿದಳು, ಬಾಟಲಿ ವಾಲಿಸಿದಳು. ಆಸ್ಫೋಟವೆಂದರೆ ದೊಡ್ಡ ಸದ್ದು ಎಂದುಕೊಳ್ಳುತ್ತೇವೆ; ನನಗೆ ನೆನಪಿರುವುದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಹೊಡೆದಂಥ ಸದ್ದು. ಕಾರ್ಬೊರೇಟರಿನಿಂದ ಹಳದಿ ನಾಲಿಗೆಯೊಂದು ನೇರ ಎದ್ದು ಬಾಟಲಿಯ ಬಾಯಿ ಹಿಡಿಯಿತು. ಬಾಟಲಿ ಕೈಯಿಂದ ಜಾರಿ ಮಡ್‌ಗಾರ್ಡಿಗೆ ಬಡಿದು ಒಡೆಯಿತು. ಬೆಂಕಿ ನೀರಿನ ಹಾಗೆ ಹರಿಯಿತು: ಮಡ್‌ಗಾರ್ಡಿನಿಂದ ನೆಲಕ್ಕೆ, ನೆಲದಿಂದ ಅವ್ವನ ಹೊಸ ಸೀರೆಯ ಸೆರಗಿಗೆ. ಅವಳು ಚೀರಲಿಲ್ಲ. ಉರಿಯುವ ತನ್ನ ತೋಳನ್ನು ಯಾರದೋ ಎಂಬಂತೆ ನೋಡುತ್ತ ನಿಂತಳು. ಅಪ್ಪನ ಬಾಗಿಲು ಗೋಡೆಗೆ ತಾಗಿ ಪೂರ್ತಿ ತೆರೆಯಲೊಲ್ಲದು. ಅವನು ಒಳಗೆ ಸಿಕ್ಕಿಕೊಂಡು ಒದೆಯುತ್ತಿದ್ದ. ನಾನು ಬಿಂದಿಗೆ ಎತ್ತಿದೆ. ಕಾಂಪೌಂಡಿನ ಆಚೆಯಿಂದ ಪಾಟೀಲ ಕಾಕಾ ಕೂಗಿದರು:

"ಪಾಣೀ ನಕೋ ಪೋರೀ! ಮಾತೀ, ಮಾತೀ ಟಾಕ!"

ನೀರು ಬೇಡ, ಮಣ್ಣು ಹಾಕು ಎಂದು. ಆದರೆ ನನ್ನ ಕಾಲು ಏಳಲಿಲ್ಲ. ಎದ್ದವಳು ಆಯಿ. ಮೊಣಕಾಲು ನೋವೆಂದು ಪಾಯಖಾನೆಗೂ ಗೋಡೆ ಹಿಡಿದು ಹೋಗುವವಳು, ಇಳಕಲ್ ಸೀರೆ ನೆಲಕ್ಕೆ ಬಿದ್ದದ್ದನ್ನೂ ನೋಡದೆ, ಕೂತಿದ್ದ ಕೌದಿಯನ್ನೇ ಎಳೆದುಕೊಂಡು ಹಾರಿದಳು. ಅವ್ವನನ್ನು ಅದರಲ್ಲಿ ಸುತ್ತಿ, ನೆಲಕ್ಕೆ ಕೆಡವಿ, ಮೇಲೆ ತಾನೇ ಬಿದ್ದಳು.

"ಉಸಿರ ಹಿಡಿ ಮಗಳೇ. ಉಸಿರ ಹಿಡಿ. ನಾ ಇದ್ದೀನಿ."

ಸೊಸೆಯನ್ನು ಅವಳು ಮಗಳೇ ಎಂದದ್ದು ನಾನು ಕೇಳಿದ್ದು ಅದೊಂದೇ ಸಲ. ಪಾಟೀಲ ಕಾಕಾ ಗೋಡೆ ಹಾರಿ ಬಂದು, ಮನೆ ರಿಪೇರಿಗೆ ತಂದಿದ್ದ ಉಸುಕನ್ನು ಬುಟ್ಟಿ ಬುಟ್ಟಿ ಎಂಜಿನ್ನಿನ ಮೇಲೆ ಸುರಿದರು. ಎಲ್ಲ ಮುಗಿಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ನನ್ನ ಕೈಯಲ್ಲಿ ಬಿಂದಿಗೆ ಹಾಗೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

ಅವ್ವನ ಮುಖ ಉಳಿಯಿತು. ಹುಬ್ಬು, ಮುಂಗೂದಲು ಹೋದವು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಆಯಿ ಬೆಳಿಗ್ಗೆ ಎದ್ದು ಮೆತ್ತಗೆ ಅನ್ನ ಮಾಡಿ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು. ಹಬ್ಬ ಮುಗಿದು ಊರಿನಿಂದ ಬಂದ ಮೆಕ್ಯಾನಿಕ್ ಬಾನೆಟ್ಟು ಎತ್ತಿ, ಅರೆಬೆಂದ ವೈರುಗಳನ್ನು ಬೆರಳಲ್ಲಿ ಹಿಡಿದು ನೋಡಿ ಅಂದ:

"ಸಾಹೇಬ, ತಾರಾ ಉಲಟ್ಯಾ ಲಾವಲ್ಯಾ ಕೀ. ಕುಣೀ ಲಾವಲ್ಯಾ?"

ವೈರು ಅದಲುಬದಲಾಗಿವೆ, ಯಾರು ಹಾಕಿದ್ದು ಎಂದು ಅವನ ಪ್ರಶ್ನೆ. ಅಪ್ಪನ ಮುಖ ಕಪ್ಪಾಯಿತು. "ನಾ ಗುರ್ತಾ ಹಾಕಿಟ್ಟಿದ್ದೆ. ವಿಭೂತಿ ಗೆರಿ ಹಾಕಿದ್ದೆ," ಎಂದ, ಕನ್ನಡದಲ್ಲೇ, ಯಾರಿಗೋ. ಹೊಸ್ತಿಲಲ್ಲಿ ಕೂತಿದ್ದ ಆಯಿ ತಲೆ ಎತ್ತಿದಳು.

"ಅದು ಗುರ್ತಾ ಇತ್ತೇನೋ? ಅದನ್ನ ನಾ ಅಳಿಸಿ ಮೂರೆಳಿ ಹಚ್ಚಿದ್ನಲ್ಲೋ ಯಪ್ಪಾ..."

ಅಪ್ಪ ಮುಂದಿನ ಪ್ರಶ್ನೆ ಕೇಳಬೇಕಿತ್ತು. ಎಲ್ಲಕ್ಕೂ ಮೂರೆಳೆ ಇದ್ದರೆ ದಸರೆ ದಿನ ತನಗೆ ಒಂದು, ಎರಡು, ಮೂರು, ನಾಲ್ಕು ಗೆರೆ ಸಿಕ್ಕದ್ದು ಹೇಗೆ? ನಾನು ಬಾಗಿಲ ಹಿಂದೆ ಆ ಪ್ರಶ್ನೆಗಾಗಿ ಕಾಯುತ್ತ ನಿಂತಿದ್ದೆ. ಅವನು ಕೇಳಲಿಲ್ಲ. ಕೂಗಿದ.

"ನಿನ್ನ ಪೂಜಿ, ನಿನ್ನ ಮಡಿ! ನನ್ನ ಹೇಣ್ತಿಗೆ ಜೀವಂತ ಸುಟ್ಟಿ ನೀನು!"

ಆಯಿ ತೆರೆದ ಬಾಯಿ ಮುಚ್ಚಿದಳು. ಬಾಗಿಲ ಕಡೆ ತಿರುಗಿ ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ನೆಲ ನೋಡಿ, "ಹೌದಪಾ, ನನ್ನದೇ ತಪ್ಪು," ಎಂದಳು. ಮೂರನೆಯ ಜಾಗ. ನಾನು ಅಲ್ಲೂ ಸುಮ್ಮನಿದ್ದೆ.

ಅವ್ವ ಮನೆಗೆ ಬಂದ ವಾರಕ್ಕೆ ಆಯಿ ನಾಶಿಕದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳಂತೆ. ಮಗಳ ಮನೆಯಲ್ಲೇ ಉಳಿದಳು, ಅಲ್ಲೇ ತೀರಿಕೊಂಡಳು, ನಮ್ಮ ಹೊಸ್ತಿಲು ಮತ್ತೆ ತುಳಿಯಲಿಲ್ಲ. ನಾವು ಹೋದಾಗ ನನ್ನ ತಲೆ ನೇವರಿಸುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಖಂಡೇ ನವಮಿಯ ದಿನ ಅತ್ತೆ ಪೂಜೆಗೆ ಕರೆದರೆ, "ನೀವ ಮಾಡ್ಕೋರಿ, ನನ್ನ ಕೈ ಬ್ಯಾಡ" ಅನ್ನುತ್ತಿದ್ದಳಂತೆ.

ಈಗ ನಾನೂ ನಾಶಿಕದವಳು. ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಪ್ಪ ಅವ್ವ ನನ್ನ ಜೊತೆ ಇದ್ದಾರೆ. ನನ್ನ ಕಾರೂ ಹಳೆಯದೇ. ಹೋದ ತಿಂಗಳು ಘೋಟಿ ಎಂಬ ಊರಿನ ಹತ್ತಿರ ಅದು ಅದೇ ಕೆಮ್ಮು ಕೆಮ್ಮಿತು. ಗ್ಯಾರೇಜಿಗೆ ಒಯ್ಯಬಹುದಿತ್ತು. ಒಯ್ಯಲಿಲ್ಲ. ಹೊಸ ವೈರು ತಂದು, ರಜೆಯ ಬೆಳಿಗ್ಗೆ, ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಬ್ಯಾಟರಿಯ ಕನೆಕ್ಷನ್ ತೆಗೆದು, ನಾನೇ ಬಾನೆಟ್ಟು ಎತ್ತಿದೆ. ಒಂದು ಬಿಚ್ಚಿದೆ, ಒಂದು ಹಾಕಿದೆ. ಇನ್ನೊಂದು ಬಿಚ್ಚಿದೆ, ಇನ್ನೊಂದು ಹಾಕಿದೆ. ಅಪ್ಪ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ಅವ್ವ ದೂರದ ಕಟ್ಟೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಹಿಂಗ ಒಂದೊಂದೇ ಹಾಕಬೇಕಿತ್ತು ನಾನೂ," ಎಂದ ಅಪ್ಪ. "ನಮ್ಮ ಆಯಿ ಪೂಜಿ ಹುಚ್ಚಿನ್ಯಾಗ ಅವತ್ತ..."

"ಆ ಗೆರಿ ನಾ ಬರ್ದಿದ್ದೆ ಅಪ್ಪಾ," ಎಂದೆ. ತಲೆ ಬಾನೆಟ್ಟಿನೊಳಗೇ ಇತ್ತು. "ಆಯಿ ಮೂರೆಳಿ ಹಚ್ಚಿದ್ಳು. ನಾ ಒರಸಿ, ಒಂದು ಎರಡು ಮೂರು ನಾಕು ಅಂತ ಸಾಲಾಗಿ ಬರ್ದೆ."

ಅವನಿಗೆ ಕೋಪ ಬರಲಿ ಎಂದು ಕಾದೆ. ಅಪ್ಪ ಕೆಳದನಿಯಲ್ಲಿ ಹೇಳಿದ:

"ಸಾಲಾಗಿ ಇದ್ವು. ನಾ ನೋಡಿದ್ದೆ."

ನಾನು ತಲೆ ಎತ್ತಿದೆ.

"ಒಂದರ ಬಾಜೂಕ ಮೂರು ಇರಬೇಕು ಅಂತ ನನಗ ಗೊತ್ತಿತ್ತು. ಅವತ್ತ ಕಣ್ಣಿಗಿ ಬಿತ್ತು. ನಾನೇ ಬರ್ದದ್ದು, ಬರೋಬರ್ ಇರತದ ಅಂದ್ಕೊಂಡೆ. ಆಯಿ ಬ್ಯಾರೆ ಒದರಲಿಕ್ಹತ್ತಿದ್ಳು. ಆಮ್ಯಾಲ ಮೆಕ್ಯಾನಿಕ್ ಮುಂದ ಆಯಿ ಮೂರೆಳಿ ಅಂದಾಗ... ತಿಳೀತು ನನಗ, ಬ್ಯಾರೆ ಯಾರೋ ಬರ್ದಾರ ಅಂತ. ಕೇಳಿದ್ರ, ನೀ ಯಾಕ ನೋಡಿ ಸುಮ್ಮನಾದಿ ಅಂತ ನನಗೂ ಕೇಳ್ತಾರ."

ಅವ್ವನ ಕೈ ಸೊಪ್ಪಿನ ಮೇಲೆ ನಿಂತಿತ್ತು. ಬಲಗೈಯ ಚರ್ಮ ಇನ್ನೂ ಬಾಡಿದ ಎಲೆಯ ಹಾಗೆ ಸುಕ್ಕುಗಟ್ಟಿ ಹೊಳೆಯುತ್ತದೆ. ಅವಳು ನಮ್ಮಿಬ್ಬರನ್ನೂ ನೋಡಿದಳು, ಮೊದಲು ಅವನನ್ನು, ಆಮೇಲೆ ನನ್ನನ್ನು.

"ಅಂದ್ರ ನನ್ನ ಜೀವ ಉಳಿಸಿದಾಕಿನ್ನ, ನೀವಿಬ್ಬರೂ ಕೂಡಿ ಮನಿ ಬಿಡಿಸಿದ್ರಿ."

ಅವಳು ಸೊಪ್ಪಿನ ಬುಟ್ಟಿ ಬದಿಗಿಟ್ಟು ಒಳಗೆ ಹೋದಳು. ಕೋಣೆಯ ಟ್ರಂಕು ತೆರೆದ ಸದ್ದು ಕೇಳಿಸಿತು. ತಿರುಗಿ ಬಂದಾಗ ಅವಳ ತೋಳಿನಲ್ಲಿ ಆಯಿಯ ಕೌದಿ ಇತ್ತು, ಅಂಚಿನಲ್ಲಿ ಅಂಗೈ ಅಗಲದ ಕರಿಯ ಸುಟ್ಟ ಕಲೆ. ಅದು ಇನ್ನೂ ಮನೆಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವ್ವ ಅದನ್ನು ಅಪ್ಪನ ತೊಡೆಯ ಮೇಲೆ ಇಟ್ಟು, ಮತ್ತೆ ಕಟ್ಟೆಗೆ ಹೋಗಿ ಸೊಪ್ಪು ಸೋಸಲು ಕೂತಳು. ನಾಲ್ಕನೆಯ ವೈರು ಇನ್ನೂ ನನ್ನ ಕೈಯಲ್ಲೇ ಇತ್ತು.